ಗುಡ್ಡದ ಊರಲ್ಲಿ ಸೈಕಲ್ ಲೇನ್‌ಗೆ ಜಾಗ ಎಲ್ಲಿಂದ ತರೋದು?

ನೀವು ಕೇಳಿರೋದು ಒಂದಲ್ಲ, ಎರಡು ಪ್ರಶ್ನೆ. ಊರು ತುಂಬಾ ಏರು ಇಳಿಜಾರು, ಎಲ್ಲದಕ್ಕೂ ಕಾರೇ ಬೇಕು, ರಸ್ತೆಯೂ ಅಗಲ ಇಲ್ಲ. ಹೀಗಿರುವಾಗ ಸೈಕಲ್ ಲೇನ್‌ಗೆ ಜಾಗ ಎಲ್ಲಿ ಅನ್ನೋದು ಮೊದಲನೆಯದು. ಜಾಗ ಕೊಟ್ಟರೂ ಆ ಏರನ್ನು ತುಳಿದು ಹತ್ತುವವರು ಯಾರು ಅನ್ನೋದು ಎರಡನೆಯದು. ನಾನು ದಿಬ್ಬದ ರಸ್ತೆಗಳಲ್ಲೇ ಸೈಕಲ್ ಹೊಡೆಯುವವನು. ನನ್ನ ಒಲವು ಯಾವ ಕಡೆ ಅಂತ ತಿಳಿದುಕೊಂಡೇ ಓದಿ.

ರಸ್ತೆಯ ಎರಡೂ ಬದಿಗೆ ಲೇನ್ ಬೇಕು ಅಂತ ಹಠ ಹಿಡಿಯಬೇಡಿ. ಮೊದಲು ಏರುವ ಬದಿಗೆ ಮಾತ್ರ ಕೇಳಿ. ಬೇಕಾದ ಜಾಗ ಅಲ್ಲಿಗೇ ಅರ್ಧಕ್ಕೆ ಇಳಿಯುತ್ತದೆ.

ಏರುವ ಬದಿಗೇ ಯಾಕೆ? ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ತೂಕ ಅಂದುಕೊಳ್ಳಿ. ರಸ್ತೆ ನೂರು ಮೀಟರಿಗೆ ಆರು ಮೀಟರ್ ಏರುತ್ತದೆ. ಅಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗೋದಕ್ಕೇ ಸುಮಾರು 125 ವಾಟ್ ಶಕ್ತಿ ಬೇಕು. ಸಾಮಾನ್ಯ ಆರೋಗ್ಯದ ಮನುಷ್ಯ ಸ್ವಲ್ಪ ಹೊತ್ತು ಎಡೆಬಿಡದೆ ಕೊಡಬಹುದಾದದ್ದು ಹೆಚ್ಚುಕಮ್ಮಿ ಅಷ್ಟೇ. ಅಂದರೆ ಆತ ನಡೆಯುವವನಿಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಹೋಗುತ್ತಿದ್ದಾನೆ, ಹಿಂದಿನಿಂದ ಕಾರು 50ರಲ್ಲಿ ಬರುತ್ತಿದೆ. ನಿಧಾನವಾದಷ್ಟೂ ಸೈಕಲ್ ಓಲಾಡುತ್ತದೆ. ಓಲಾಡುವ ಸೈಕಲ್ಲಿಗೆ ಅಗಲ ಜಾಸ್ತಿ ಬೇಕು, ಆದರೆ ಅದೇ ಹೊತ್ತಿಗೆ ಹಿಂದಿನವನು ಹಾರ್ನ್ ಹೊಡೆಯುತ್ತಿರುತ್ತಾನೆ. ಗುಡ್ಡದ ಊರಲ್ಲಿ ಜನ ಸೈಕಲ್ ಬಿಡೋದಕ್ಕೆ ಕಾಲುನೋವಿಗಿಂತ ಈ ಹೆದರಿಕೆಯೇ ದೊಡ್ಡ ಕಾರಣ ಅಂತ ನನ್ನ ಅನಿಸಿಕೆ.

ಇಳಿಯುವಾಗ ಲೆಕ್ಕ ಪೂರ್ತಿ ಬೇರೆ. ಪೆಡಲ್ ತುಳಿಯದೇ 30 ಕಿ.ಮೀ. ವೇಗ ಬಂದುಬಿಡುತ್ತದೆ. ಕಾರುಗಳ ವೇಗವೂ ಅಷ್ಟೇ ಇದ್ದರೆ ಅವುಗಳ ಜೊತೆಗೇ, ಲೇನಿನ ನಡುವೆ ಇಳಿಯುವುದು ವಾಸಿ. ಇಳಿಜಾರಿನಲ್ಲಿ ನಿಂತ ಕಾರುಗಳ ಪಕ್ಕಕ್ಕೆ ಒಂದು ಮೀಟರ್ ಅಗಲದ ಗೆರೆ ಎಳೆದು ಅದನ್ನೇ ಸೈಕಲ್ ಲೇನ್ ಅಂತ ಕರೆದರೆ, ಯಾರಾದರೂ ಬಾಗಿಲು ತೆಗೆದ ದಿನ ಆಸ್ಪತ್ರೆಯೇ ಗತಿ. ಅಂಥ ಲೇನಿಗಿಂತ ಏನೂ ಇಲ್ಲದಿರೋದೇ ಮೇಲು. ಅಮೆರಿಕದ ಸಿಯಾಟಲ್‌ನಲ್ಲಿ ಹಲವು ಏರುರಸ್ತೆಗಳಲ್ಲಿ ಹತ್ತುವ ಬದಿಗೆ ಲೇನ್ ಇದೆ, ಇಳಿಯುವ ಬದಿಯಲ್ಲಿ ರಸ್ತೆಯ ಮೇಲೆ ಸೈಕಲ್ ಚಿತ್ರ ಮಾತ್ರ. ಆದರೆ ಇದಕ್ಕೊಂದು ಷರತ್ತು ಇದೆ. ಕಾರುಗಳು 50, 60ರಲ್ಲಿ ಧಾವಿಸುವ ದೊಡ್ಡ ರಸ್ತೆಯಾದರೆ ಇಳಿಯುವ ಬದಿಗೂ ಲೇನ್ ಬೇಕೇ ಬೇಕು, ಅದೂ ಏರುವ ಬದಿಗಿಂತ ಅಗಲವಾಗಿ.

ಈಗ ಅಳತೆ. ರಸ್ತೆ 10 ಮೀಟರ್ ಅಗಲ ಇದೆ ಅನ್ನಿ. ಎರಡೂ ಬದಿಗೆ ಎರಡೆರಡು ಮೀಟರ್ ಪಾರ್ಕಿಂಗ್, ನಡುವೆ ಮೂರು ಮೂರು ಮೀಟರಿನ ಎರಡು ಲೇನ್. ಏರುವ ಬದಿಯ ಪಾರ್ಕಿಂಗ್ ಸಾಲನ್ನು ತೆಗೆದರೆ ಎರಡು ಮೀಟರ್ ಸಿಕ್ಕಿತು. ಒಂದೂವರೆ ಮೀಟರ್ ಸೈಕಲ್ಲಿಗೆ, ಉಳಿದ ಅರ್ಧ ಮೀಟರಿನಲ್ಲಿ ಕಂಬಗಳ ಸಾಲು. ಓಡುವ ಕಾರುಗಳ ಜಾಗ ಒಂದಿಂಚೂ ಕಮ್ಮಿಯಾಗಲಿಲ್ಲ. ಜಗಳ ಶುರುವಾಗೋದೂ ಇಲ್ಲೇ. ರಸ್ತೆ ಎಲ್ಲರದ್ದು, ಆದರೆ ಮನೆಮುಂದಿನ ಪಾರ್ಕಿಂಗ್ ಮಾತ್ರ ನನ್ನದು ಅಂತ ಪ್ರತಿಯೊಬ್ಬರೂ ನಂಬಿರುತ್ತಾರೆ ಅಲ್ವಾ? ಹಾಗಾಗಿ ಸಭೆಗೆ ಹೋಗುವ ಮೊದಲು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಆ ಸಾಲಿನಲ್ಲಿ ಎಷ್ಟು ಕಾರು ನಿಂತಿರುತ್ತವೆ ಅಂತ ಎಣಿಸಿಟ್ಟುಕೊಳ್ಳಿ. ಪಕ್ಕದ ಅಡ್ಡರಸ್ತೆಗಳಲ್ಲಿ ಎಷ್ಟು ಖಾಲಿ ಇದೆ ಅನ್ನೋದನ್ನೂ ನೋಡಿ. ಸೈಕಲ್ ಪರಿಸರಕ್ಕೆ ಒಳ್ಳೆಯದು ಅಂತ ಗಂಟೆಗಟ್ಟಲೆ ಭಾಷಣ ಮಾಡೋದಕ್ಕಿಂತ ಈ ಎಣಿಕೆಯ ಒಂದು ಹಾಳೆ ಜಾಸ್ತಿ ಕೆಲಸ ಮಾಡುತ್ತದೆ.

ನಾಲ್ಕು ಲೇನಿನ ರಸ್ತೆಯಾದರೆ ಇನ್ನೊಂದು ದಾರಿ ಇದೆ. ಎರಡೂ ದಿಕ್ಕಿಗೆ ಒಂದೊಂದು ಲೇನ್, ನಡುವೆ ತಿರುಗುವವರಿಗೆ ಒಂದು. ಉಳಿದದ್ದು ಸೈಕಲ್ಲಿಗೆ. ದಿನಕ್ಕೆ ಸುಮಾರು 20,000 ವಾಹನ ಓಡುವ ತನಕ ಇದು ನಡೆಯುತ್ತದೆ ಅಂತ ಅಮೆರಿಕದ ಫೆಡರಲ್ ಹೆದ್ದಾರಿ ಇಲಾಖೆಯೇ ಹೇಳುತ್ತದೆ. ಹೀಗೆ ಬದಲಿಸಿದ ರಸ್ತೆಗಳಲ್ಲಿ ಅಪಘಾತ 19ರಿಂದ 47 ಶೇಕಡಾ ತಗ್ಗಿದೆ ಅನ್ನೋದೂ ಅವರದೇ ಲೆಕ್ಕ. ಸೈಕಲ್ ಬೇಡ ಅನ್ನುವವರ ಹತ್ತಿರವೂ ಈ ಮಾತು ಆಡಬಹುದು.

ಟ್ರಾಫಿಕ್ ಎಲ್ಲ ಪಕ್ಕದ ಬೀದಿಗೆ ನುಗ್ಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಸ್ವಲ್ಪ ನುಗ್ಗುವುದು ನಿಜ. ಆದರೆ ಬ್ರಿಟನ್ನಿನ ಸಾರಿಗೆ ಸಂಶೋಧಕಿ ಸ್ಯಾಲಿ ಕೇರ್ನ್ಸ್ ಮತ್ತು ಅವರ ಜೊತೆಗಾರರು, ಕಾರುಗಳ ಜಾಗ ಕಮ್ಮಿ ಮಾಡಿದ 11 ದೇಶಗಳ 70 ಉದಾಹರಣೆಗಳನ್ನು ನೋಡಿ 2002ರಲ್ಲಿ ಬರೆದ ಪ್ರಕಾರ, ಅರ್ಧದಷ್ಟು ಕಡೆ, ಮೊದಲು ಆ ರಸ್ತೆಯಲ್ಲಿ ಓಡುತ್ತಿದ್ದ ವಾಹನಗಳಲ್ಲಿ ಶೇ. 11ಕ್ಕಿಂತ ಹೆಚ್ಚು ಪಾಲು ಮಾಯವೇ ಆಯಿತು, ಅಕ್ಕಪಕ್ಕದ ರಸ್ತೆಗಳಲ್ಲೂ ಸಿಗಲಿಲ್ಲ. ಜನ ಹೊತ್ತು ಬದಲಿಸುತ್ತಾರೆ, ಎರಡು ಕೆಲಸ ಒಂದೇ ಸಲ ಮುಗಿಸುತ್ತಾರೆ, ಬಸ್ಸು ಹತ್ತುತ್ತಾರೆ.

ಬಸ್ಸು ಅಂದಾಗ ನೆನಪಾಯಿತು. ಜಾಗ ಉಳಿಸೋಣ ಅಂತ ಏರಿನಲ್ಲಿ ಬಸ್ಸಿಗೂ ಸೈಕಲ್ಲಿಗೂ ಒಂದೇ ಲೇನ್ ಕೊಡಬೇಡಿ. 8 ಕಿ.ಮೀ. ವೇಗದ ಸೈಕಲ್ ಹಿಂದೆ ತುಂಬಿದ ಬಸ್ಸು ತೆವಳಬೇಕಾಗುತ್ತದೆ. ಆಮೇಲೆ ಇಬ್ಬರಿಗೂ ಸಿಟ್ಟು.

ಯಾರು ಹತ್ತುತ್ತಾರೆ ಅನ್ನೋದಕ್ಕೆ ಈಗ ಉತ್ತರ ಸುಲಭ. ಯುರೋಪಿನ ನಿಯಮದಲ್ಲಿ ಎಲೆಕ್ಟ್ರಿಕ್ ಸೈಕಲ್ಲಿಗೆ 250 ವಾಟ್ ಮೋಟರ್, 25 ಕಿ.ಮೀ. ವೇಗದ ತನಕ ನೆರವು. ಮೇಲಿನ ಅದೇ ಏರನ್ನು ಅದರಲ್ಲಿ 15ರಿಂದ 20 ಕಿ.ಮೀ. ವೇಗದಲ್ಲಿ ಬೆವರದೆ ಹತ್ತಬಹುದು. ಮೋಟರ್ ಇಲ್ಲದವರಿಗೆ ಸುತ್ತುದಾರಿ ಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಗಲ್ ಅನ್ನೋ ದಾರಿ ಇದೆ. ಅಲ್ಲಿನ ಕಡಿದಾದ ಗುಡ್ಡಗಳ ನಡುವೆ, ಹಳೆಯ ತೊರೆ ಹರಿಯುತ್ತಿದ್ದ ತಗ್ಗನ್ನೇ ಹಿಡಿದು ಅಂಕುಡೊಂಕಾಗಿ ಹೋಗುತ್ತದೆ. ನಿಮ್ಮ ಊರಲ್ಲೂ ನೀರು ಹರಿಯುವ ದಾರಿ, ಹಳೆಯ ರೈಲು ಹಳಿಯ ಜಾಗ ಎಲ್ಲಿದೆ ಅಂತ ನಕ್ಷೆಯಲ್ಲಿ ಹುಡುಕಿ.

ನಾರ್ವೆಯ ಟ್ರಾನ್‌ಹೈಮ್‌ನಲ್ಲಿ 1993ರಲ್ಲೇ ಸೈಕಲ್ ಲಿಫ್ಟ್ ಮಾಡಿದರು, ಪಾದ ಇಟ್ಟರೆ ಏರಿನ ಮೇಲಕ್ಕೆ ತಳ್ಳುತ್ತದೆ. ಬರ್ಗನ್‌ನಲ್ಲಿ 2023ರಲ್ಲಿ ಬೆಟ್ಟ ಕೊರೆದು, ನಡೆಯುವವರಿಗೂ ಸೈಕಲ್ಲಿಗೂ ಸುಮಾರು ಮೂರು ಕಿ.ಮೀ. ಸುರಂಗವನ್ನೇ ತೆರೆದರು. ನೋಡೋಕೆ ಚೆಂದ. ಆದರೆ ಇಂಥದ್ದನ್ನು ಕೇಳುತ್ತಾ ಕೂತರೆ ಹಣ ಇಲ್ಲ ಅಂತ ಹೇಳಿ ಮನೆಗೆ ಕಳಿಸುತ್ತಾರೆ.

ಮೊದಲ ಸಲಕ್ಕೆ ಬಣ್ಣ ಮತ್ತು ಬಗ್ಗುವ ಪ್ಲಾಸ್ಟಿಕ್ ಕಂಬ ಸಾಕು, ಸರಿಬರದಿದ್ದರೆ ತೆಗೆಯಬಹುದು. ಶಾಲೆ ಇರುವ ಒಂದು ಏರುರಸ್ತೆ ಆರಿಸಿ, ಬುಡದಿಂದ ತುದಿಯ ತನಕ ಪೂರ್ತಿ ಮಾಡಿಸಿ. ತಿರುವಿನಲ್ಲಿ ರಸ್ತೆ ಕಿರಿದಾಯಿತು ಅಂತ ನಡುವೆ ಐವತ್ತು ಮೀಟರ್ ಬಿಟ್ಟರೆ, ಕಷ್ಟದ ಜಾಗದಲ್ಲೇ ಸವಾರನ ಕೈಬಿಟ್ಟಂತೆ. ಆ ತಿರುವಿನಲ್ಲಿ ಲೇನ್ ಕೂರಿಸಿ ತೋರಿಸಿ ಅಂತ ಇಂಜಿನಿಯರ್ ಹತ್ತಿರ ಮೊದಲೇ ನಕ್ಷೆ ಕೇಳಿ, ಉಳಿದದ್ದು ಆಮೇಲೆ. ಇಳಿಯುವ ಬದಿಯ ಚರಂಡಿ ಜಾಲರಿಗಳನ್ನೂ ಒಮ್ಮೆ ನೋಡಿಕೊಳ್ಳಿ. ಕಂಬಿಗಳು ರಸ್ತೆಯ ಉದ್ದಕ್ಕೆ ಇದ್ದರೆ ಚಕ್ರ ಸಿಕ್ಕಿಕೊಳ್ಳುತ್ತದೆ, ಅಡ್ಡಕ್ಕೆ ತಿರುಗಿಸಿ ಹಾಕಿಸಿ.