ಆರ್ಟಿಂಗ್‌ನಲ್ಲಿ ಮನೆ ಮಾಡಬಹುದಾ?

ನಮಸ್ಕಾರ. ಸಿಯಾಟಲ್ ಕಡೆ ಕೆಲಸ ಸಿಕ್ಕಿದೆ, ಆರ್ಟಿಂಗ್‌ನಲ್ಲಿ ಒಳ್ಳೇ ಮನೆ ಬಾಡಿಗೆಗಿದೆ, ಆದರೆ ಬೆಟ್ಟದಿಂದ ಕೆಸರು ಬಂದು ಊರೇ ಮುಚ್ಚಿಹೋಗುತ್ತದಂತೆ, ನಿಜವಾ ಅಂತ ಕೇಳಿದ್ದೀರಿ. ಮಂಡಿ ನೋವಿರುವ ಅಮ್ಮನೂ ಜೊತೆಗೆ ಬರುತ್ತಾರೆ ಅಂದಿದ್ದೀರಿ. ನಾವಿಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ನಮಗಾದದ್ದು ಹೇಳುತ್ತೇನೆ.

ಮಾತು ನಿಜ. ಮೋಡ ಸರಿದ ದಿನ ಇಲ್ಲಿನವರು ‘ಇವತ್ತು ಬೆಟ್ಟ ಹೊರಗೆ ಬಂದಿದೆ’ ಅನ್ನುತ್ತಾರೆ. 4,392 ಮೀಟರ್ ಎತ್ತರದ ಅಗ್ನಿಪರ್ವತ ಮೌಂಟ್ ರೇನಿಯರ್, ಮೈತುಂಬ ಹಿಮ. ಕಲ್ಲು, ಮಣ್ಣು, ನೀರು, ಮರ ಎಲ್ಲ ಸೇರಿ ಹಸಿ ಕಾಂಕ್ರೀಟಿನ ಹಾಗೆ ಹೊಳೆಗುಂಟ ನುಗ್ಗಿ ಬರುವುದಕ್ಕೆ ಲಹಾರ್ ಅನ್ನುತ್ತಾರೆ. ಸುಮಾರು 500 ವರ್ಷದ ಹಿಂದೆ ಅಂಥದ್ದೊಂದು ಬಂತು. ಆ ಕೆಸರು ಗಟ್ಟಿಯಾದ ನೆಲದ ಮೇಲೆಯೇ ನಮ್ಮೂರು ಕೂತಿದೆ. ಹೊಸ ಮನೆಗಳಿಗೆ ಪಾಯ ತೋಡುವಾಗ ಆಗ ಹೂತುಹೋದ ಮರದ ಬೊಡ್ಡೆಗಳು ಸಿಕ್ಕಿವೆ. ನನಗೆ ಜಾಸ್ತಿ ಕಾಡುವುದು ಬೇರೆ ವಿಷಯ. ಆ ಲಹಾರ್ ಜೊತೆ ಬೆಟ್ಟ ಸಿಡಿದ ಗುರುತೇ ಸಿಕ್ಕಿಲ್ಲ. ಒಳಗಿನ ಬಿಸಿನೀರು, ಅನಿಲ ತಾಗಿ ಪಶ್ಚಿಮದ ಬಂಡೆ ಜೇಡಿಯಂತೆ ಮೆತ್ತಗಾಗಿತ್ತು, ಒಂದು ದಿನ ಕುಸಿಯಿತು, ಅಷ್ಟೇ. ಹಾಗಾಗಿ ಹೊಗೆ ಕಂಡ ಮೇಲೆ ಗಂಟುಮೂಟೆ ಕಟ್ಟೋಣ ಅಂತ ಕೂರುವ ಹಾಗಿಲ್ಲ.

ಅದಕ್ಕೇ 1998ರಲ್ಲಿ ನೆಲದ ಅದುರು ಹಿಡಿಯುವ ಉಪಕರಣ ಮತ್ತು ಸೈರನ್ ವ್ಯವಸ್ಥೆ ಬಂತು. ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಪರೀಕ್ಷೆಗೆ ಕೂಗಿಸುತ್ತಾರೆ. ಇದು ನನಗೆ ಯಾರೂ ಹೇಳಿರಲಿಲ್ಲ. ಬಂದ ಹೊಸದರಲ್ಲಿ ಸೈರನ್ ಕೇಳಿದ್ದೇ ತಡ, ಕುಕ್ಕರ್ ಇಳಿಸಿ, ಅತ್ತೆಯ ಕೈ ಹಿಡಿದು, ಪಾಸ್‌ಪೋರ್ಟ್ ಚೀಲದ ಸಮೇತ ಬೀದಿಗೆ ಬಂದಿದ್ದೆ. ಪಕ್ಕದ ಮನೆಯಾತ ನಿಧಾನವಾಗಿ ಹುಲ್ಲು ಕತ್ತರಿಸುತ್ತಿದ್ದ. ನಮ್ಮನ್ನು ನೋಡಿ ಕೈ ಬೀಸಿದ. ಅತ್ತೆ ಇವತ್ತಿಗೂ ಅದನ್ನೇ ಹೇಳಿ ನಗುತ್ತಾರೆ.

ದೊಡ್ಡ ಲಹಾರ್ ಹೊರಟರೆ ಇಲ್ಲಿಗೆ ತಲುಪಲು ಹೆಚ್ಚುಕಡಿಮೆ ಒಂದು ಗಂಟೆ. ಸೈರನ್ ಕೂಗಿದ ಮೇಲೆ ಕೈಯಲ್ಲಿ ಉಳಿಯುವುದು ಅದಕ್ಕಿಂತ ಕಡಿಮೆ. ಊರಲ್ಲಿ 9 ಸಾವಿರದಷ್ಟು ಜನ, ಮುಖ್ಯ ರಸ್ತೆ 162 ಒಂದೇ, ಅದೂ ಎರಡು ಲೇನ್. ಎಲ್ಲರೂ ಕಾರು ತೆಗೆದರೆ ಏನಾಗುತ್ತದೆ ಅಂತ ಸಂಜೆ ಆರಕ್ಕೆ ಅಲ್ಲಿ ನಿಂತರೆ ಗೊತ್ತಾಗುತ್ತದೆ. ಅದಕ್ಕೇ ಶಾಲೆಯಲ್ಲಿ ಮಕ್ಕಳನ್ನು ನಡೆಸಿಕೊಂಡೇ ಎತ್ತರಕ್ಕೆ ಕರೆದೊಯ್ದು ಅಭ್ಯಾಸ ಮಾಡಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಕಣಿವೆಯ ಶಾಲೆಗಳೆಲ್ಲ ಸೇರಿ ಸುಮಾರು 45 ಸಾವಿರ ಮಕ್ಕಳು ಇದರಲ್ಲಿದ್ದರು. ಸುಮ್ನೆ ಶಾಸ್ತ್ರಕ್ಕಲ್ಲ. 1985ರಲ್ಲಿ ಕೊಲಂಬಿಯಾದ ಆರ್ಮೆರೋ ಊರಲ್ಲಿ ಇಂಥದ್ದೇ ಕೆಸರಿಗೆ 20 ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಪಾಯದ ನಕ್ಷೆ ಮೊದಲೇ ಇತ್ತು, ಜನರನ್ನು ಹೊರಡಿಸಿರಲಿಲ್ಲ.

ಆದರೆ ಲಹಾರ್ ಗುಂಗಿನಲ್ಲಿ ನೆರೆ ಮರೆಯಬೇಡಿ. ಅತ್ತ ಪ್ಯುಯಾಲಪ್, ಇತ್ತ ಕಾರ್ಬನ್, ಎರಡು ಹೊಳೆಗಳ ನಡುವೆ ಇರುವ ಊರಿದು. 2009ರ ಜನವರಿಯಲ್ಲಿ ಜನರನ್ನು ಹೊರಡಿಸಬೇಕಾಯಿತು. ಆಮೇಲೆ ಒಡ್ಡನ್ನು ಹಿಂದಕ್ಕೆ ಸರಿಸಿ ಹೊಳೆಗೆ ಜಾಗ ಬಿಟ್ಟರು. ಬಾಡಿಗೆದಾರರ ಮಾಮೂಲಿ ಇನ್ಶೂರೆನ್ಸ್‌ನಲ್ಲಿ ನೆರೆಗೆ ದುಡ್ಡು ಬರುವುದಿಲ್ಲ. ಬೇರೆ ಪಾಲಿಸಿ ಬೇಕು. ಸರ್ಕಾರಿ ಯೋಜನೆಯದ್ದು ಸಾಮಾನ್ಯವಾಗಿ 30 ದಿನವಾದ ಮೇಲೆ ಜಾರಿಗೆ ಬರುತ್ತದೆ. ಮಳೆ ಹಿಡಿದ ಮೇಲೆ ಓಡಾಡಿದರೆ ಉಪಯೋಗವಿಲ್ಲ.

ನಾವು ಒಂದು ಭಾನುವಾರ ಗಡಿಯಾರ ನೋಡಿಕೊಂಡು ಅಗ್ನಿಪರ್ವತದಿಂದ ಪಾರಾಗಲು ಹಾಕಿರುವ ಬೋರ್ಡ್ ತೋರಿಸುವ ದಾರಿ ಹಿಡಿದು ಎತ್ತರದ ಜಾಗದವರೆಗೆ ನಡೆದೆವು. ಮಗನಿಗೆ 25 ನಿಮಿಷ. ಅತ್ತೆಯ ಜೊತೆ ನನಗೆ ಒಂದು ಗಂಟೆ ಹತ್ತು ನಿಮಿಷ, ನಡುವೆ ಎರಡು ಸಲ ಕೂತಿದ್ದು ಸೇರಿ. ಮುಂದಿನ ತಿಂಗಳೇ ಗುಡ್ಡದ ಬುಡದ ಹತ್ತಿರ ಮನೆ ಹಿಡಿದೆವು. ನೀವೊಬ್ಬರೇ ಆಗಿದ್ದರೆ ಕಣ್ಣುಮುಚ್ಚಿ ಬನ್ನಿ ಅನ್ನುತ್ತಿದ್ದೆ, ಊರು ಅಷ್ಟು ಚೆನ್ನಾಗಿದೆ. ಅಮ್ಮ ಜೊತೆಗಿರುತ್ತಾರೆ ಅಲ್ವಾ, ಮೇಲೆ ದಿಣ್ಣೆಯಲ್ಲಿರುವ ಬಾನಿ ಲೇಕ್ ಊರಿನ ಕಡೆ ಹುಡುಕಿ. ಅಲ್ಲಿಂದಲೂ ಬೆಟ್ಟ ಕಾಣುತ್ತದೆ.