ಪ್ರತಿಕ್ರಿಯೆ: ಟಿಪ್ಪುವಿನ ಸಿಂಹಾಸನ ಲಂಡನ್ನಿನಲ್ಲಿ ಎಲ್ಲಿದೆ?

ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಎಲ್ಲ ಸುತ್ತಿದರೂ ಟಿಪ್ಪುವಿನ ಸಿಂಹಾಸನ ಸಿಗಲಿಲ್ಲ ಎಂದಿದ್ದೀರಿ. ಎರಡು ವಸ್ತುಗಳು ಕಲಸಿಹೋಗಿರಬೇಕು. ಅಲ್ಲಿರುವುದು ಸೈನಿಕನ ಮೇಲೆ ಎರಗಿದ ಮರದ ಹುಲಿ, ಹೊಟ್ಟೆಯೊಳಗೆ ಆರ್ಗನ್ ಎಂಬ ಸಂಗೀತ ವಾದ್ಯ ಇರುವುದು. ಸಿಂಹಾಸನ ಇಡಿಯಾಗಿ ಎಲ್ಲೂ ಉಳಿದಿಲ್ಲ. 1799ರ ಮೇನಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೆ ಹಂಚಿಕೊಳ್ಳಲು ಅದನ್ನು ಒಡೆದು ತುಂಡು ಮಾಡಿದರು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಮೊದಲು ಲಂಡನ್ ಹತ್ತಿರದ ವಿಂಡ್ಸರ್ ಕೋಟೆಗೆ ಹೋಗಿ. ಸಿಂಹಾಸನದ ದೊಡ್ಡ ಹುಲಿ ತಲೆ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಮರದ ಮೇಲೆ ಚಿನ್ನದ ತಗಡು, ಕಣ್ಣು ಹಲ್ಲು ಸ್ಫಟಿಕ. ಹತ್ತಿರ ನಿಂತು ಬಾಯಿಯೊಳಗೆ ನೋಡಿ, ಆ ಕೆಲಸ ಮರೆಯೋಕಾಗಲ್ಲ. ಸಿಂಹಾಸನದ ಛತ್ರಿಯ ಮೇಲಿದ್ದ ಹುಮಾ ಎಂಬ ಪುರಾಣದ ಪಕ್ಷಿಯೂ ಅದೇ ಸಂಗ್ರಹದ್ದು. ಸಮಯ ಜಾಸ್ತಿ ಇದ್ದರೆ ಆಮೇಲೆ ವೇಲ್ಸ್‌ನ ಪೋವಿಸ್ ಕೋಟೆ. ಸಿಂಹಾಸನದ ಸುತ್ತಲಿನ ಕಟಕಟೆಯ ಮೇಲಿದ್ದ ಪುಟ್ಟ ಹುಲಿ ತಲೆಗಳಲ್ಲಿ ಒಂದು ಅಲ್ಲಿದೆ, ಮೈಯೆಲ್ಲ ರತ್ನ.

ಟಿಕೆಟ್ ತೆಗೆಯುವ ಮುನ್ನ ಒಂದು ಕೆಲಸ ಮಾಡಿ. ಇಂಥ ವಸ್ತುಗಳು ಬೇರೆ ಊರಿನ ಪ್ರದರ್ಶನಗಳಿಗೂ ಹೋಗುತ್ತಿರುತ್ತವೆ. ನೀವು ಹೋಗುವ ದಿನ ಅಲ್ಲೇ ಇರುತ್ತದಾ ಎಂದು ಎರಡೂ ಕಡೆಗೆ ಇಮೇಲ್ ಬರೆದು ಕೇಳಿ.