ವಿಂಡೋಸ್ 11 ಹಾಕಿಸಿದ ಮೇಲೆ ಗಡಿಯಾರದ ಪಕ್ಕದ ಭಾಷೆ ಗುರುತು ಕಾಣುತ್ತಿಲ್ಲ. ಕನ್ನಡಕ್ಕೆ ಬದಲಾಯಿಸೋದು ಹೇಗೆ?

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾಗಿದ್ದು ಇಷ್ಟು. ವಿಂಡೋಸ್ 10 ಇದ್ದ ಲ್ಯಾಪ್‌ಟಾಪ್‌ಗೆ 11 ಹಾಕಿಸಿದ್ದೀರಿ. ಮೊದಲು ಕೆಳಗೆ ಬಲಗಡೆ ಇಂಗ್ಲಿಷ್, ಕನ್ನಡ ಬದಲಾಯಿಸುವ ಪುಟ್ಟ ಗುರುತು ಇತ್ತು, ಈಗ ಇಲ್ಲ. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ಕನ್ನಡ ಫೊನೆಟಿಕ್ ಕೀಬೋರ್ಡ್ ಬಳಸುತ್ತಿದ್ದಿರಿ. ಅಂಗಡಿಯವರು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತೆ ಅಂದಿದ್ದಾರೆ.

ದಯವಿಟ್ಟು ಫಾರ್ಮ್ಯಾಟ್ ಮಾಡಿಸಬೇಡಿ. ಇದು ಸೆಟ್ಟಿಂಗ್ಸ್‌ನಲ್ಲೇ ಮುಗಿಯುವ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದ್ದರಿಂದ ತುಂಬಾ ಜನ 11ಕ್ಕೆ ಬಂದಿದ್ದಾರೆ. ಕನ್ನಡದಲ್ಲಿ ಬರೆಯುವವರು ಹೊಸ ಸಿಸ್ಟಮ್‌ನಲ್ಲಿ ಮೊದಲು ಹುಡುಕುವುದೇ ಈ ಗುರುತನ್ನು.

ಮೊದಲು ಒಂದು ಪರೀಕ್ಷೆ ಮಾಡಿ. ಕೀಬೋರ್ಡ್‌ನಲ್ಲಿರುವ ವಿಂಡೋಸ್ ಕೀಯನ್ನು ಒತ್ತಿ ಹಿಡಿದು ಸ್ಪೇಸ್ ಬಾರ್ ಒತ್ತಿ. ಭಾಷೆಗಳ ಒಂದು ಸಣ್ಣ ಪಟ್ಟಿ ಬಂತಾ? ಅದರಲ್ಲಿ ಕನ್ನಡ ಇದ್ದರೆ ನಿಮ್ಮ ಕೀಬೋರ್ಡ್ ಎಲ್ಲೂ ಹೋಗಿಲ್ಲ, ಗುರುತು ಮಾತ್ರ ಮರೆಯಾಗಿದೆ. ಪಟ್ಟಿಯೇ ಬರಲಿಲ್ಲ ಅಂದರೆ ಹೋಗಿರುವುದು ಗುರುತಲ್ಲ, ಕೀಬೋರ್ಡೇ. ಇವೆರಡೂ ಬೇರೆ ಬೇರೆ ತೊಂದರೆ, ಪರಿಹಾರವೂ ಬೇರೆ. ಇದನ್ನು ನೋಡಿಕೊಳ್ಳದೆ ಕಂಡ ಕಂಡ ಸೆಟ್ಟಿಂಗ್ ಎಲ್ಲಾ ಬದಲಾಯಿಸಿದರೆ ಗೊಂದಲ ಜಾಸ್ತಿಯಾಗುತ್ತೆ ಅಷ್ಟೆ.

ನಿಮ್ಮದು ಎರಡನೆಯದೇ ಇರಬೇಕು ಅಂತ ನನ್ನ ಅನುಮಾನ. ಯಾಕೆಂದರೆ ಅಪ್‌ಗ್ರೇಡ್ ಅಂತ ಹೇಳಿದರೂ ಅಂಗಡಿಗಳಲ್ಲಿ ಎಷ್ಟೋ ಸಲ ಹಳೆಯದನ್ನು ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿಬಿಡುತ್ತಾರೆ. ನಿಮ್ಮ ಹಳೆಯ ಪ್ರೋಗ್ರಾಮ್‌ಗಳೂ ಕಾಣುತ್ತಿಲ್ಲವಾದರೆ ಹಾಗೇ ಆಗಿದೆ ಅಂತಲೇ ಲೆಕ್ಕ. ಹೊಸ ಇನ್‌ಸ್ಟಾಲ್‌ನಲ್ಲಿ ಇಂಗ್ಲಿಷ್ ಒಂದೇ ಇರುತ್ತದೆ. ಕೀಬೋರ್ಡ್ ಒಂದೇ ಇದ್ದರೆ ವಿಂಡೋಸ್ ಈ ಗುರುತನ್ನು ತೋರಿಸುವುದೇ ಇಲ್ಲ. ಬದಲಾಯಿಸೋಕೆ ಇನ್ನೊಂದು ಇಲ್ಲ ಅಂದಮೇಲೆ ಗುರುತು ಯಾಕೆ, ಅಲ್ವಾ?

ಹಾಗಿದ್ದರೆ ಸೆಟ್ಟಿಂಗ್ಸ್ ತೆರೆದು ಟೈಮ್ ಅಂಡ್ ಲ್ಯಾಂಗ್ವೇಜ್, ಅದರೊಳಗೆ ಲ್ಯಾಂಗ್ವೇಜ್ ಅಂಡ್ ರೀಜನ್‌ಗೆ ಹೋಗಿ. ಆಡ್ ಎ ಲ್ಯಾಂಗ್ವೇಜ್ ಒತ್ತಿ ಕನ್ನಡ ಹುಡುಕಿ ಸೇರಿಸಿ. ಮಧ್ಯದಲ್ಲಿ ಇದನ್ನು ಡಿಸ್ಪ್ಲೇ ಲ್ಯಾಂಗ್ವೇಜ್ ಮಾಡಬೇಕಾ ಅಂತ ಒಂದು ಟಿಕ್ ಬಾಕ್ಸ್ ಬರುತ್ತದೆ. ಮೆನುಗಳೆಲ್ಲ ಕನ್ನಡದಲ್ಲಿ ಬೇಕು ಅನ್ನುವವರು ಟಿಕ್ ಹಾಕಬಹುದು. ನಿಮಗೆ ಟೈಪಿಂಗ್ ಮಾತ್ರ ಸಾಕಾದರೆ ಖಾಲಿ ಬಿಡಿ. ಕನ್ನಡ ಸೇರಿದ ಕೂಡಲೇ ಗಡಿಯಾರದ ಪಕ್ಕ ಗುರುತು ತಾನಾಗಿಯೇ ಬರುತ್ತದೆ.

ಆದರೆ ಟೈಪ್ ಮಾಡಲು ಹೋದರೆ ಎಚ್ ಒತ್ತಿದಾಗ ಪ, ಎಲ್ ಒತ್ತಿದಾಗ ತ ಬರುತ್ತದೆ. ಹೆದರಬೇಡಿ. ಕನ್ನಡ ಸೇರಿಸಿದಾಗ ವಿಂಡೋಸ್ ತಾನಾಗಿ ಕೊಡುವುದು ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆಂದೇ ಇರುವ ಬೇರೆ ಕೀಲಿ ವಿನ್ಯಾಸ. ಫೊನೆಟಿಕ್ ಅನ್ನು ನಾವೇ ಸೇರಿಸಿಕೊಳ್ಳಬೇಕು. ಅದೇ ಪುಟದಲ್ಲಿ ಕನ್ನಡದ ಎದುರಿಗಿರುವ ಮೂರು ಚುಕ್ಕಿ ಒತ್ತಿ, ಲ್ಯಾಂಗ್ವೇಜ್ ಆಪ್ಷನ್ಸ್‌ಗೆ ಹೋಗಿ, ಕೀಬೋರ್ಡ್ಸ್ ಅನ್ನುವ ಕಡೆ ಆಡ್ ಎ ಕೀಬೋರ್ಡ್ ಒತ್ತಿ ಕನ್ನಡ ಫೊನೆಟಿಕ್ ಆರಿಸಿ. ವಿಂಡೋಸ್ 10ಕ್ಕೆ 2019ರ ಮೇ ಅಪ್‌ಡೇಟ್‌ನಲ್ಲಿ ಬಂದ ಫೊನೆಟಿಕ್ಕೇ ಇದು, ಹಾಗಾಗಿ ನಿಮ್ಮ ಬೆರಳಿನ ಅಭ್ಯಾಸ ಬದಲಾಗುವುದಿಲ್ಲ. ಇನ್‌ಸ್ಕ್ರಿಪ್ಟ್ ಬೇಡವಾದರೆ ಅಲ್ಲೇ ತೆಗೆದುಬಿಡಿ. ಇಲ್ಲವಾದರೆ ಪ್ರತಿ ಸಲ ಭಾಷೆ ಬದಲಾಯಿಸುವಾಗ ಅದನ್ನೂ ದಾಟಿಕೊಂಡು ಹೋಗಬೇಕಾಗುತ್ತೆ.

ಈಗ ಮೊದಲನೆಯ ತೊಂದರೆಗೆ ಬರೋಣ, ಪಟ್ಟಿ ಬರುತ್ತದೆ ಆದರೆ ಗುರುತು ಇಲ್ಲ ಅನ್ನುವುದು. ವಿಂಡೋಸ್ 10ರಲ್ಲಿ ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನೊಳಗೆ ಸಿಸ್ಟಮ್ ಐಕಾನ್‌ಗಳ ಪಟ್ಟಿ ಇತ್ತು, ಅದರಲ್ಲಿ ಇನ್‌ಪುಟ್ ಇಂಡಿಕೇಟರ್ ಅನ್ನುವ ಸ್ವಿಚ್ ಇತ್ತು. ಹಳೆಯ ಉತ್ತರಗಳಲ್ಲೆಲ್ಲ ಅದನ್ನೇ ಆನ್ ಮಾಡಿ ಅಂತಿರುತ್ತದೆ. 11ರಲ್ಲಿ ಆ ಪುಟವೇ ಇಲ್ಲ, ಸುಮ್ನೆ ಹುಡುಕಿ ಸುಸ್ತಾಗಬೇಡಿ. ಟೈಮ್ ಅಂಡ್ ಲ್ಯಾಂಗ್ವೇಜ್‌ನಲ್ಲಿ ಟೈಪಿಂಗ್, ಅದರಲ್ಲಿ ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆಯಿರಿ. ಡೆಸ್ಕ್‌ಟಾಪ್ ಲ್ಯಾಂಗ್ವೇಜ್ ಬಾರ್ ಬಳಸು ಅನ್ನುವ ಅರ್ಥದ ಒಂದು ಸಾಲು ಇಂಗ್ಲಿಷ್‌ನಲ್ಲಿರುತ್ತದೆ. ಅಲ್ಲಿ ಟಿಕ್ ಇದ್ದರೆ ವಿಂಡೋಸ್ ಈ ಹೊಸ ಗುರುತನ್ನು ಬಿಟ್ಟು ಹಳೆಯ ಕಾಲದ ಲ್ಯಾಂಗ್ವೇಜ್ ಬಾರ್ ಬಳಸುತ್ತದೆ. ಆ ಬಾರ್‌ನ ಆಯ್ಕೆಗಳಲ್ಲಿ ಹಿಡನ್ ಅಂತ ಇದ್ದರೆ ಮುಗಿಯಿತು, ಹೊಸದೂ ಇಲ್ಲ, ಹಳೆಯದೂ ಇಲ್ಲ. ಟಿಕ್ ತೆಗೆಯಿರಿ. ಆಮೇಲೆ ಒಂದು ಸಲ ಸೈನ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ.

ಆಗಲೂ ಬರಲಿಲ್ಲ ಅಂದರೆ ಇನ್ನೊಂದು ಸುಳಿವು ನೋಡಿ. ಸ್ಟಾರ್ಟ್ ಮೆನುವಿನ ಸರ್ಚ್‌ನಲ್ಲಿ ಏನಾದರೂ ಟೈಪ್ ಮಾಡಲು ಆಗುತ್ತಾ? ಅಲ್ಲೂ ಅಕ್ಷರ ಮೂಡದಿದ್ದರೆ ಸಿಟಿಎಫ್‌ಮಾನ್ ಎಂಬ ಪ್ರೋಗ್ರಾಮ್ ಓಡದೇ ಇರಬಹುದು. ಟೈಪಿಂಗ್ ಮತ್ತು ಭಾಷೆ ಗುರುತು ಎರಡರ ಹಿಂದೆಯೂ ಕೆಲಸ ಮಾಡುವುದು ಅದೇ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಬರುವ ಡಬ್ಬಿಯಲ್ಲಿ ಸಿ, ಟಿ, ಎಫ್, ಎಂ, ಓ, ಎನ್ ಈ ಆರು ಇಂಗ್ಲಿಷ್ ಅಕ್ಷರಗಳನ್ನು ಜಾಗ ಬಿಡದೆ ಹೊಡೆದು ಎಂಟರ್ ಒತ್ತಿ. ಗುರುತು ಬಂದುಬಿಟ್ಟರೆ ಕಾರಣ ಸಿಕ್ಕಿತು. ಶಾಶ್ವತವಾಗಿ ಸರಿಮಾಡಲು ಟಾಸ್ಕ್ ಶೆಡ್ಯೂಲರ್ ತೆರೆದು ಮೈಕ್ರೋಸಾಫ್ಟ್, ವಿಂಡೋಸ್, ಟೆಕ್ಸ್ಟ್ ಸರ್ವೀಸಸ್ ಫ್ರೇಮ್‌ವರ್ಕ್ ಫೋಲ್ಡರ್‌ವರೆಗೆ ಇಳಿಯಿರಿ. ಅಲ್ಲಿ ಎಂಎಸ್‌ಸಿಟಿಎಫ್ ಮಾನಿಟರ್ ಅನ್ನುವ ಟಾಸ್ಕ್ ಡಿಸೇಬಲ್ ಆಗಿದ್ದರೆ ಎನೇಬಲ್ ಮಾಡಿ. ಕಂಪ್ಯೂಟರ್ ವೇಗ ಹೆಚ್ಚಿಸುತ್ತೇವೆ ಅನ್ನುವ ಕೆಲವು ಸಾಫ್ಟ್‌ವೇರ್‌ಗಳು ಬೇಡದ್ದು ಅಂತ ಇಂಥವನ್ನೂ ನಿಲ್ಲಿಸಿಬಿಡುತ್ತವೆ. ನನ್ನನ್ನು ಕೇಳಿದರೆ ಅಂಥವುಗಳನ್ನು ಹಾಕಿಕೊಳ್ಳಲೇಬಾರದು. ಲ್ಯಾಂಗ್ವೇಜ್ ಬಾರ್ ರಿಪೇರಿ ಅಂತ ಡೌನ್‌ಲೋಡ್‌ಗೆ ಸಿಗುವ ಫೈಲ್‌ಗಳೂ ಬೇಡ.

ನುಡಿ ಅಥವಾ ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುವವರು ಈ ಉತ್ತರ ಓದುತ್ತಿದ್ದರೆ ನಿಮ್ಮ ವಿಷಯ ಬೇರೆ. ಅವು ವಿಂಡೋಸ್ ಕೀಬೋರ್ಡ್‌ಗಳಲ್ಲ, ಪ್ರತ್ಯೇಕ ಪ್ರೋಗ್ರಾಮ್‌ಗಳು. ಅವುಗಳ ಐಕಾನ್ 11ರಲ್ಲಿ ಮೇಲ್ಮುಖ ಬಾಣದ ಹಿಂದೆ ಅಡಗಿರಬಹುದು. ಬಾಣ ಒತ್ತಿ, ಐಕಾನನ್ನು ಗಡಿಯಾರದ ಕಡೆಗೆ ಎಳೆದು ಬಿಡಿ, ಅಷ್ಟೇ ಸಾಕು.

ಇನ್ನೊಂದು ಮಾತು. ನಿಮ್ಮ ಹಳೆಯ ಕನ್ನಡ ಫೈಲ್‌ಗಳು ತುಂಗಾ ಫಾಂಟ್‌ನಲ್ಲಿದ್ದರೆ ಈಗ ಅಕ್ಷರಗಳ ಆಕಾರ ಬೇರೆ ಥರ ಕಾಣಬಹುದು. ಬರೆದದ್ದು ಕೆಟ್ಟಿಲ್ಲ. ತುಂಗಾ ಇಲ್ಲದ ಕಡೆ ವಿಂಡೋಸ್ ನಿರ್ಮಲಾ ಯುಐ ಫಾಂಟ್‌ನಲ್ಲಿ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ಎಂದು ಹುಡುಕಿ, ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಇನ್‌ಸ್ಟಾಲ್ ಮಾಡಿಕೊಳ್ಳಿ. ಇಂಟರ್‌ನೆಟ್ ಬೇಕಾಗುತ್ತೆ. ಮುಗಿದ ಮೇಲೆ ವರ್ಡ್ ಮುಚ್ಚಿ ಮತ್ತೆ ತೆರೆಯಿರಿ.